ಮತ್ತೆ ಬಲಿಪೂಜೆಗೆ ಹೋಗಬೇಕು ಅನಿಸಿದಾಗ

ವಿರಾಜಪೇಟೆ ಕಡೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಉದ್ದದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಅವರು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವರು. ಕಾಫಿ ತೋಟದಲ್ಲಿ ರೈಟರ್ ಕೆಲಸ, ಅಂದರೆ ಲೆಕ್ಕ ಬರೆಯುವುದು. ಕುಡಿತ ಕೈಮೀರಿದ್ದಾಗ ಒಂದು ಸ್ವತಂತ್ರ ಪ್ರೊಟೆಸ್ಟೆಂಟ್ ಸಭೆಯವರು ಕೈಹಿಡಿದರು. ಕುಡಿತ ಬಿಟ್ಟುಹೋಯಿತು. ಪಾಸ್ಟರ್ ಹೊಳೆಯಲ್ಲಿ ಮುಳುಗಿಸಿ ಇನ್ನೊಮ್ಮೆ ದೀಕ್ಷಾಸ್ನಾನ ಕೊಟ್ಟರು. ಅದೇ ಸಭೆಯ ಹುಡುಗಿಯನ್ನು ಅಲ್ಲೇ ಮದುವೆಯಾದರು, ರಿಜಿಸ್ಟರ್ ಕೂಡ ಮಾಡಿಸಿದರು. ಇಬ್ಬರು ಮಕ್ಕಳು. ಹೀಗೆ ಹನ್ನೆರಡು ವರ್ಷ. ಹೋದ ವರ್ಷ ತಾಯಿ ತೀರಿಕೊಂಡರು. ಅಂತ್ಯಕ್ರಿಯೆಯ ಪೂಜೆಯಲ್ಲಿ ಅಣ್ಣತಮ್ಮಂದಿರೆಲ್ಲ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ) ಎದ್ದು ಹೋದಾಗ ಇವರೊಬ್ಬರೇ ಬೆಂಚಿನಲ್ಲಿ ಕೂತಿದ್ದರು. ಅಂದಿನಿಂದ ವಾಪಸ್ ಹೋಗಬೇಕು ಅನಿಸುತ್ತಿದೆ. ಹೊಳೆಯಲ್ಲಿ ಮುಳುಗಿದ್ದು ಕ್ಷಮೆಯಿಲ್ಲದ ತಪ್ಪೇ? ಹೆಂಡತಿಯೂ ಬದಲಾಗಬೇಕೇ? ಕುಡಿತ ಬಿಡಿಸಿದ ಸಭೆಗೆ ಇದು ದ್ರೋಹವಾಗುವುದಿಲ್ಲವೇ? ಇವು ಅವರ ಪ್ರಶ್ನೆಗಳು.

ಸಂಪಾದಕರ ಉತ್ತರ:

ಪ್ರಿಯ ಓದುಗರೇ, ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟು ಕ್ಯಾಥೊಲಿಕ್. ಈಗಲೂ ಭಾನುವಾರ ಪೂಜೆಗೆ ಹೋಗುವವನು. ಹಾಗಾಗಿ ನೀವು ಮರಳಿ ಬಂದರೆ ನನಗೆ ಸಂತೋಷವೇ. ಆ ಸಂತೋಷ ನನ್ನ ಮಾತಿನಲ್ಲಿ ಎಲ್ಲಾದರೂ ಜಾಸ್ತಿ ಕಂಡರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ನಿಮ್ಮ ಮೂರನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಉಳಿದ ಎರಡಕ್ಕೆ ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ಕಾನೂನಿನಲ್ಲಿ ಉತ್ತರ ಇದೆ, ಇದಕ್ಕೆ ಇಲ್ಲ. ಸಂಬಳದ ದಿನ ನಿಮ್ಮನ್ನು ಅಂಗಡಿ ಬಾಗಿಲಿನಿಂದ ಕರೆದುಕೊಂಡು ಹೋಗಿ, ರಾತ್ರಿ ಹನ್ನೊಂದರವರೆಗೆ ನಿಮ್ಮ ಜೊತೆ ಕೂತು ಪ್ರಾರ್ಥನೆ ಮಾಡಿದ ಇಬ್ಬರ ಬಗ್ಗೆ ಬರೆದಿದ್ದೀರಿ. ಆಗ ನಿಮ್ಮ ಸ್ವಂತ ಧರ್ಮಕೇಂದ್ರದಿಂದ ಯಾರೂ ಬರಲಿಲ್ಲ ಎಂದೂ ಬರೆದಿದ್ದೀರಿ. ಅದನ್ನು ಓದುವಾಗ ನನಗೆ ನೋವಾಯಿತು. ಆ ಇಬ್ಬರು ಮಾಡಿದ್ದು ದೇವರ ಕೆಲಸ. ಹೀಗೆ ಹೇಳಲು ನಾನು ಕ್ಯಾಥೊಲಿಕ್ ನಂಬಿಕೆಯನ್ನು ಸಡಿಲ ಮಾಡಬೇಕಾಗಿಲ್ಲ. 1964ರ ನವೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಐಕ್ಯದ ಬಗ್ಗೆ ಒಂದು ಆಜ್ಞಾಪತ್ರ ಹೊರಡಿಸಿತು. ಬೇರೆಯಾದ ಸಭೆಗಳಲ್ಲೂ ಪವಿತ್ರಾತ್ಮರು ಕೆಲಸ ಮಾಡುತ್ತಾರೆ, ಆ ಸಭೆಗಳನ್ನು ರಕ್ಷಣೆಯ ಸಾಧನವಾಗಿ ಬಳಸುತ್ತಾರೆ ಎಂದು ಅದರಲ್ಲೇ ಇದೆ. ನೀವು ಮರಳಿ ಹೋಗುವಾಗ ಈ ಹನ್ನೆರಡು ವರ್ಷ ಸುಳ್ಳು ಎಂದು ಯಾರೂ ನಿಮ್ಮಿಂದ ಹೇಳಿಸುವಂತಿಲ್ಲ. ಹೇಳಿಸಲು ಬಂದರೆ ಹೇಳಬೇಡಿ. ಕುಡಿತ ಬಿಟ್ಟ ಆ ಮನುಷ್ಯನೇ ಅಲ್ವಾ ಈಗ ಪೂಜೆಗೆ ಹೋಗಲು ಹೊರಟಿರುವುದು?

ನಮ್ಮ ಜಿಲ್ಲೆಯಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ಹಳೆಯ ಬೇರಿದೆ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ 1792ರದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ. ನಿಮ್ಮ ಮನೆತನದ ಹಿರಿಯರು ಆ ಕಾಲದವರೋ ಆಮೇಲೆ ಮಂಗಳೂರು ಕಡೆಯಿಂದ ತೋಟಕ್ಕೆ ಬಂದವರೋ, ಅಂತೂ ಆ ಗಂಟೆ ಕೇಳಿಯೇ ಬೆಳೆದಿರುತ್ತೀರಿ. ಹಾಗೆಯೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದ ಹರ್ಮನ್ ಮೊಗ್ಲಿಂಗ್ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಪಾದ್ರಿ. ಮುಂದೆ ಕೊಡಗಿಗೆ ಬಂದು ಅಮ್ಮತ್ತಿ ಹತ್ತಿರದ ಆನಂದಪುರದಲ್ಲಿ ದುಡಿದವರೂ ಅವರೇ. ಪತ್ರಿಕೆ ನಡೆಸುವ ನಮ್ಮಂಥವರೆಲ್ಲ ಅವರ ಋಣದಲ್ಲಿದ್ದೇವೆ. ಅವರು ಯಾವ ಸಭೆಯವರು ಎಂದು ಕೇಳಿ ನಾವು ಆ ಋಣ ಒಪ್ಪಿಕೊಂಡಿಲ್ಲ.

ಈಗ ಹೊಳೆಯ ವಿಷಯ. ಎಳೆಯ ಮಗುವಾಗಿದ್ದಾಗ ನಿಮಗೆ ಆದ ಜ್ಞಾನಸ್ನಾನ (ನಿಮ್ಮ ಸಭೆಯವರು ದೀಕ್ಷಾಸ್ನಾನ ಅನ್ನುವುದು ಇದನ್ನೇ) ಹಾಗೇ ಇದೆ. ಅದನ್ನು ಅಳಿಸಲು ನಿಮ್ಮಿಂದಲೂ ಆಗದು, ಪಾಸ್ಟರಿಂದಲೂ ಆಗದು. ಜ್ಞಾನಸ್ನಾನ ಒಮ್ಮೆ ಮಾತ್ರ, ಎರಡನೇ ಸಲ ಕೊಡುವಂತಿಲ್ಲ ಎಂದು 1983ರ ಧರ್ಮಸಭೆಯ ಕಾನೂನಿನ 845ನೇ ವಿಧಿ ಹೇಳುತ್ತದೆ. ಅಂದರೆ ಹೊಳೆಯಲ್ಲಿ ಆದದ್ದು ಧರ್ಮಸಭೆಯ ಲೆಕ್ಕದಲ್ಲಿ ಸಂಸ್ಕಾರ ಅಲ್ಲ. ಆದರೆ ನೀರಿನಿಂದ ಮೇಲೆದ್ದಾಗ ಇನ್ನು ಮುಟ್ಟುವುದಿಲ್ಲ ಎಂದು ನೀವು ದೇವರಿಗೆ ಕೊಟ್ಟ ಮಾತು ಇದೆಯಲ್ಲ, ಅದು ನಿಜವಾದ ಮಾತು. ಅದನ್ನು ಉಳಿಸಿಕೊಳ್ಳಿ. ಮರಳಿ ಬರುವಾಗ ನಿಮಗೆ ಮತ್ತೆ ನೀರು ಹಾಕುವುದಿಲ್ಲ, ಹೊಸಬರಿಗೆ ಮಾಡುವ ವಿಧಿಯೂ ಇಲ್ಲ. ಚಿಕ್ಕಂದಿನಲ್ಲಿ ದೃಢೀಕರಣ (ಜ್ಞಾನಸ್ನಾನವಾದವರಿಗೆ ಕೊಡುವ ಇನ್ನೊಂದು ಸಂಸ್ಕಾರ) ಆಗಿದ್ದರೆ ಅದೂ ಹಾಗೇ ಇರುತ್ತದೆ. ಆಗಿರದಿದ್ದರೆ ಅದೊಂದು ಬಾಕಿ.

ನಂಬಿಕೆಯನ್ನು ಗೊತ್ತಿದ್ದೂ ತೊರೆದವರಿಗೆ ಕಾನೂನಿನಲ್ಲಿ ಬಹಿಷ್ಕಾರ ಇದೆ, ನಿಜ. 1364ನೇ ವಿಧಿ. ಈ ಪದ ನಿಮ್ಮನ್ನು ಹೆದರಿಸಿದೆ ಎಂದು ಪತ್ರದಲ್ಲೇ ಕಾಣುತ್ತದೆ. ಆದರೆ ಅದು ತಗಲಬೇಕಾದರೆ ಪೂರ್ತಿ ತಿಳುವಳಿಕೆ, ಪೂರ್ತಿ ಮನಸ್ಸು ಎರಡೂ ಇರಬೇಕು. ಮುಳುಗುತ್ತಿದ್ದವರು ಸಿಕ್ಕ ಕೈ ಹಿಡಿದುಕೊಂಡಾಗ ಅವೆರಡೂ ಎಷ್ಟಿದ್ದವು ಎಂಬುದನ್ನು ಗುರುಗಳು, ಅಂದರೆ ನಿಮ್ಮ ಫಾದರ್, ನಿಮ್ಮ ಜೊತೆ ಕೂತು ನೋಡುತ್ತಾರೆ. ಇದ್ದರೂ ಬಹಿಷ್ಕಾರವನ್ನು ತೆಗೆಯುವ ಅಧಿಕಾರ ಧರ್ಮಾಧ್ಯಕ್ಷರಿಗಿದೆ (ಬಿಷಪ್). ಕೊಡಗು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು, ಬೇಕಾದ ಅನುಮತಿಯನ್ನು ನಿಮ್ಮ ಫಾದರ್ ಅಲ್ಲಿಂದ ತರಿಸುತ್ತಾರೆ. ನೀವು ಮೈಸೂರಿಗೆ ಓಡಾಡಬೇಕಾಗಿಲ್ಲ.

ನಿಜವಾದ ಗಂಟು ಇರುವುದು ಮದುವೆಯಲ್ಲಿ. ಇದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನಾನು ನಿಲ್ಲುತ್ತೇನೆ.

ಕ್ಯಾಥೊಲಿಕ್ ಜ್ಞಾನಸ್ನಾನ ಪಡೆದವರ ಮದುವೆ ಗುರುಗಳ ಮುಂದೆ, ಇಬ್ಬರು ಸಾಕ್ಷಿಗಳ ಎದುರು ಆಗಬೇಕು. ಬೇರೆ ಕಡೆ ಆಗಬೇಕಾದರೆ ಧರ್ಮಾಧ್ಯಕ್ಷರ ಅನುಮತಿ ಬೇಕು. ವಿಧಿವತ್ತಾಗಿ ಧರ್ಮಸಭೆ ಬಿಟ್ಟವರಿಗೆ ಮೊದಲು ಒಂದು ವಿನಾಯಿತಿ ಇತ್ತು, 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು ಅದನ್ನು ತೆಗೆದರು. ಹಾಗಾಗಿ ಅನುಮತಿಯಿಲ್ಲದೆ ಪಾಸ್ಟರ್ ಮುಂದೆ ಆದ ನಿಮ್ಮ ಮದುವೆ ಧರ್ಮಸಭೆಯ ದೃಷ್ಟಿಯಲ್ಲಿ ಸಿಂಧು ಅಲ್ಲ. ಕೇಳಲು ಕಹಿ ಮಾತು. ಸರ್ಕಾರದ ಲೆಕ್ಕದಲ್ಲಿ ನೀವು ಗಂಡ ಹೆಂಡತಿಯೇ, ರಿಜಿಸ್ಟರ್ ಆಗಿದೆ. ಮಕ್ಕಳ ಮೇಲೆ ಯಾವ ಕಳಂಕವೂ ಇಲ್ಲ. ಆದರೆ ಇದು ಸರಿಯಾಗುವವರೆಗೆ ನೀವು ಪರಮಪ್ರಸಾದ ಸ್ವೀಕರಿಸುವಂತಿಲ್ಲ.

ಸರಿಪಡಿಸುವುದು ದೊಡ್ಡ ಕೆಲಸವೇನೂ ಅಲ್ಲ. ಸಾಮಾನ್ಯ ದಾರಿ ಎಂದರೆ ದೇವಾಲಯದಲ್ಲಿ ಗುರುಗಳು, ನೀವಿಬ್ಬರು, ಇಬ್ಬರು ಸಾಕ್ಷಿಗಳು ಸೇರಿ ಒಪ್ಪಿಗೆಯ ಮಾತನ್ನು ಹೊಸದಾಗಿ ಹೇಳುವುದು. ಚಪ್ಪರ, ಊಟ, ಕಾರ್ಡು ಏನೂ ಬೇಡ. ನಿಮ್ಮ ಹೆಂಡತಿ, 'ನನ್ನ ಮದುವೆ ಒಮ್ಮೆ ಆಗಿದೆ, ಇನ್ನೊಮ್ಮೆ ಯಾಕೆ?' ಎಂದು ಹಟ ಹಿಡಿದರೆ ಅದರಲ್ಲೂ ನ್ಯಾಯವಿದೆ. ಅಂಥ ಮನೆಗಳಿಗೆ 1161ನೇ ವಿಧಿಯಲ್ಲಿ ಬೇರೆ ದಾರಿ ಇದೆ. ಇಬ್ಬರ ಒಪ್ಪಿಗೆ ಇನ್ನೂ ಉಳಿದಿದ್ದರೆ, ಅದನ್ನು ಮತ್ತೆ ಹೇಳಿಸದೆಯೇ ಧರ್ಮಾಧ್ಯಕ್ಷರು ಮದುವೆಯನ್ನು ಮೊದಲಿನಿಂದಲೇ ಊರ್ಜಿತಗೊಳಿಸಬಹುದು. ಫಾದರ್ ತಾವಾಗಿ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ಹೆಂಡತಿ ಕ್ಯಾಥೊಲಿಕ್ ಆಗಬೇಕಿಲ್ಲ. ಯಾರೂ ಒತ್ತಾಯ ಮಾಡುವಂತಿಲ್ಲ. ಅವರ ದೀಕ್ಷಾಸ್ನಾನ ಯಾವ ಹೆಸರಿನಲ್ಲಿ ಆಯಿತು ಎಂದು ಮಾತ್ರ ಕೇಳುತ್ತಾರೆ. ನೀರಿನಲ್ಲಿ, ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಆಗಿದ್ದರೆ ಧರ್ಮಸಭೆ ಒಪ್ಪುತ್ತದೆ. ಕೆಲವು ಸಭೆಗಳಲ್ಲಿ ಯೇಸುವಿನ ಹೆಸರು ಒಂದನ್ನೇ ಹೇಳಿ ಮುಳುಗಿಸುತ್ತಾರೆ, ಅದಾದರೆ ಬೇರೆ ಅನುಮತಿ ಬೇಕಾಗುತ್ತದೆ. ಇನ್ನೊಂದು, ಮಕ್ಕಳನ್ನು ಕ್ಯಾಥೊಲಿಕ್ ನಂಬಿಕೆಯಲ್ಲಿ ಬೆಳೆಸಲು ನನ್ನಿಂದಾದಷ್ಟು ಮಾಡುತ್ತೇನೆ ಎಂದು ನೀವು ಮಾತು ಕೊಡಬೇಕು. ಆ ಮಾತು ನಿಮ್ಮದು, ಅವರದ್ದಲ್ಲ. ಆದರೆ ನೀವು ಹಾಗೆ ಮಾತು ಕೊಟ್ಟಿರುವುದು ಅವರಿಗೆ ಗೊತ್ತಿರಬೇಕು ಎಂದು ಕಾನೂನೇ ಹೇಳುತ್ತದೆ.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹೆಂಡತಿಗೆ ಇನ್ನೂ ಏನೂ ಹೇಳಿಲ್ಲ ಎಂದು ಬರೆದಿದ್ದೀರಿ. ತಾಯಿಯ ಜಪಸರ ತೋಟದ ಲೆಕ್ಕದ ಪುಸ್ತಕಗಳ ಹಿಂದೆ, ಒಂದು ಸ್ಟೀಲ್ ಡಬ್ಬಿಯಲ್ಲಿದೆಯಂತೆ. ಹೆಂಡತಿ ಮಲಗಿದ ಮೇಲೆ ತೆಗೆದು ಕೈಯಲ್ಲಿ ಹಿಡಿದು ಕೂರುತ್ತೀರಂತೆ. ಫಾದರ್ ಹತ್ತಿರ ಹೋಗುವ ಮೊದಲು ಆ ಡಬ್ಬಿಯನ್ನು ಹೆಂಡತಿಯ ಮುಂದೆ ತೆರೆಯಿರಿ. ಕುಡಿಯುವ ದಿನಗಳಲ್ಲಿ ಮುಚ್ಚಿಟ್ಟು ಬದುಕಿದ್ದು ಸಾಕಲ್ವಾ? ಗಂಡ ಮತ್ತೆ ಏನನ್ನೋ ಬಚ್ಚಿಡುತ್ತಿದ್ದಾನೆ ಎಂದು ತಿಳಿದರೆ ಅವರಿಗೆ ಮೊದಲು ನೆನಪಾಗುವುದು ಬಾಟಲಿಯೇ. ಅವರು ಅಳಬಹುದು, ಸಿಟ್ಟಾಗಬಹುದು, ಮಾತಾಡದೆಯೂ ಇರಬಹುದು. ವಿಗ್ರಹಾರಾಧನೆಗೆ ಮರಳುತ್ತಿದ್ದೀರಾ ಎಂದು ಖಂಡಿತ ಕೇಳುತ್ತಾರೆ. ಆಗ ವಾದಕ್ಕೆ ಇಳಿಯಬೇಡಿ. ಆರಾಧನೆ ದೇವರೊಬ್ಬರಿಗೇ ಸಲ್ಲಬೇಕು, ಪ್ರತಿಮೆಗೆ ಕೊಡುವ ಗೌರವ ಬೇರೆ ಎಂದು 787ರಲ್ಲಿ ನೈಸಿಯಾದಲ್ಲಿ ಸೇರಿದ ಮಹಾಸಭೆಯೇ ಬೇರ್ಪಡಿಸಿ ಹೇಳಿದೆ. ಅಷ್ಟು ಹೇಳಿ ನಿಲ್ಲಿಸಿ.

ಈಗ ನೀವು ಕೇಳದೇ ಇದ್ದ ಪ್ರಶ್ನೆ. ನೀವು ಮರಳುತ್ತಿರುವುದು ಯಾತಕ್ಕೆ? ಅಮ್ಮನಿಗಾಗಿಯೇ? ಆ ಬೆಂಚಿನಲ್ಲಿ ಒಬ್ಬರೇ ಕೂತಿದ್ದ ಸಂಕಟ ನನಗೆ ಅರ್ಥವಾಗುತ್ತದೆ. ತಾಯಿ ಕೊನೆಯವರೆಗೂ ನಿಮ್ಮ ಹೆಸರು ಹೇಳಿ ತೇರ್ಸ್ (ಜಪಸರದ ಪ್ರಾರ್ಥನೆ) ಮಾಡುತ್ತಿದ್ದರು ಎಂದು ಅಕ್ಕ ಹೇಳಿದ್ದನ್ನೂ ಬರೆದಿದ್ದೀರಿ. ಅಂಥ ಮಾತು ಯಾರನ್ನಾದರೂ ಎಬ್ಬಿಸುತ್ತದೆ. ಆದರೆ ದುಃಖ ಕಡಿಮೆಯಾಗುತ್ತಾ ಹೋಗುತ್ತದೆ, ಭಾನುವಾರಗಳು ಬರುತ್ತಲೇ ಇರುತ್ತವೆ. ಎರಡು ವರ್ಷ ಕಳೆದ ಮೇಲೂ ನಿಮ್ಮನ್ನು ಆ ದೇವಾಲಯದಲ್ಲಿ ನಿಲ್ಲಿಸುವುದು ಏನು ಎಂದು ಈಗಲೇ ನೋಡಿಕೊಳ್ಳಿ.

ನನ್ನ ಪ್ರಕಾರ ಅದು ಒಂದೇ ವಿಷಯದ ಮೇಲೆ ನಿಂತಿದೆ. ಪರಮಪ್ರಸಾದವಾಗಿ ಕೊಡುವ ರೊಟ್ಟಿ ಕ್ರಿಸ್ತನ ದೇಹವೇ ಎಂದು ನೀವು ನಂಬುತ್ತೀರಾ? ನಿಮ್ಮ ಈಗಿನ ಸಭೆಯಲ್ಲಿ ರೊಟ್ಟಿ ಮುರಿಯುವುದು ನೆನಪಿಗಾಗಿ. ಕ್ಯಾಥೊಲಿಕರಿಗೆ ಅದು ನೆನಪಷ್ಟೇ ಅಲ್ಲ. ಈ ವ್ಯತ್ಯಾಸ ಪ್ರೊಟೆಸ್ಟೆಂಟರ ಒಳಗೂ ಇತ್ತು. 1529ರಲ್ಲಿ ಜರ್ಮನಿಯ ಮಾರ್ಬರ್ಗಿನಲ್ಲಿ ಪ್ರೊಟೆಸ್ಟೆಂಟ್ ಮುಂದಾಳುಗಳಾದ ಲೂಥರ್ ಮತ್ತು ಜ್ವಿಂಗ್ಲಿ ಎದುರುಬದುರು ಕೂತಾಗ ಲೂಥರ್ 'ಇದು ನನ್ನ ದೇಹ' ಎಂದು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು, ಕೊನೆಯವರೆಗೂ ಅದನ್ನು ಬಿಟ್ಟುಕೊಡಲಿಲ್ಲ. ನಿಮ್ಮ ಬೈಬಲಿನಲ್ಲೇ ಯೋಹಾನನ ಸುವಾರ್ತೆಯ ಆರನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಈ ಮಾತು ಕಠಿಣ ಎಂದು ಶಿಷ್ಯರಲ್ಲಿ ಅನೇಕರು ಹಿಂದೆ ಸರಿದರು, ಯೇಸು ಅವರನ್ನು ತಡೆಯಲಿಲ್ಲ. ಅದನ್ನು ಓದಿದ ಮೇಲೆ ನಿಮ್ಮ ಮನಸ್ಸು ಏನು ಹೇಳುತ್ತದೋ ಅದರ ಪ್ರಕಾರ ನಡೆಯಿರಿ. ಹೌದು ಅನಿಸಿದರೆ ಉಳಿದದ್ದೆಲ್ಲ ಕಾಗದಪತ್ರ. ಇಲ್ಲ ಅನಿಸಿದರೆ, ಅಮ್ಮನ ಹೆಸರಿನಲ್ಲಿ ಸುಮ್ನೆ ಸಾಲಿನಲ್ಲಿ ನಿಲ್ಲಬೇಡಿ. ಇದ್ದಲ್ಲೇ ಇದ್ದು ಅಮ್ಮನಿಗಾಗಿ ಪ್ರಾರ್ಥಿಸಿ.

ರಕ್ಷಣೆ ಸಿಗುವುದು ದೇವರ ಕೃಪೆಯಿಂದಲೋ ನಮ್ಮ ಕ್ರಿಯೆಯಿಂದಲೋ ಎಂಬ ಹಳೆಯ ಜಗಳದ ಬಗ್ಗೆ ಪಾಸ್ಟರ್ ಬಹಳ ಹೇಳಿದ್ದಾರೆಂದು ಬರೆದಿದ್ದೀರಿ. ಅದಕ್ಕೆ ಹೆದರಬೇಡಿ. ಕೃಪೆಯಿಂದಲೇ ರಕ್ಷಣೆ ಎಂದು ಕ್ಯಾಥೊಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಒಟ್ಟಿಗೆ ಸಹಿ ಹಾಕಿದ್ದಾರೆ.

ಬೈಬಲ್ ಓದುವುದನ್ನು, ಕೈಯೆತ್ತಿ ಹಾಡುವುದನ್ನು ಬಿಡಬೇಕಾದೀತೇ ಎಂಬ ಚಿಂತೆ ಬೇಡ. ಆ ರೀತಿಯ ಸ್ತುತಿ ಆರಾಧನೆ 1967ರಿಂದ ಕ್ಯಾಥೊಲಿಕರಲ್ಲೂ ಬೆಳೆದಿದೆ. ಕೇರಳದ ಪೊಟ್ಟಾದಲ್ಲಿ ನಡೆಯುವ ಕ್ಯಾಥೊಲಿಕ್ ಧ್ಯಾನಕ್ಕೆ ಹೋಗಿ ಬಂದವರು ನಿಮ್ಮ ಊರಲ್ಲೂ ಸಿಕ್ಕಾರು, ಕೇಳಿ ನೋಡಿ. ನಿಮ್ಮ ಬೈಬಲಿನಲ್ಲಿ 66 ಪುಸ್ತಕ ಇವೆ, ನಮ್ಮದರಲ್ಲಿ 73. ಅಷ್ಟು ಓದುವ ಅಭ್ಯಾಸ ಇರುವ ನಿಮ್ಮಂಥವರು ಬಂದರೆ ನಮ್ಮ ಧರ್ಮಕೇಂದ್ರಗಳಿಗೇ ಲಾಭ. ನಮ್ಮವರು ಅಷ್ಟಾಗಿ ಓದುವುದಿಲ್ಲ.

ಪಾಪನಿವೇದನೆಯ ಭಯದ ಬಗ್ಗೆ ಒಂದು ಮಾತು. ಇಷ್ಟು ವರ್ಷದ ಮೇಲೆ ಮಾತುಗಳೇ ಮರೆತುಹೋಗಿವೆ ಎಂದಿದ್ದೀರಿ. ಮರೆತಿರುವುದನ್ನೇ ಮೊದಲು ಹೇಳಿ. 'ಫಾದರ್, ಹನ್ನೆರಡು ವರ್ಷ ಆಯಿತು, ಹೇಗೆ ಶುರು ಮಾಡುವುದು ಗೊತ್ತಿಲ್ಲ' ಅಂದರೆ ಸಾಕು. ಅವರು ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ. ಚೀಟಿಯಲ್ಲಿ ಬರೆದುಕೊಂಡು ಹೋದರೂ ಪರವಾಗಿಲ್ಲ. ಕೊಂಕಣಿ ಬರುವ ಗುರುಗಳಿದ್ದರೆ ಕೊಂಕಣಿಯಲ್ಲೇ ಹೇಳಿ, ಅಮ್ಮನ ಭಾಷೆಯಲ್ಲಿ ಇಂಥ ಮಾತು ಸಲೀಸಾಗಿ ಬರುತ್ತದೆ. ಆದರೆ ಮೊದಲ ದಿನವೇ ಪಾಪನಿವೇದನೆಗೆ ಹೋಗಬೇಡಿ. ಭಾನುವಾರದ ಗಡಿಬಿಡಿ ಬಿಟ್ಟು, ವಾರದ ಮಧ್ಯೆ ಫಾದರ್ ಮನೆಗೆ ಹೋಗಿ ಮದುವೆ ವಿಷಯ ಬಿಚ್ಚಿ ಹೇಳಿ. ಅದು ಒಂದು ದಾರಿಗೆ ಬಂದ ಮೇಲೆ ಪಾಪನಿವೇದನೆ, ಆಮೇಲೆ ಪರಮಪ್ರಸಾದ. ಅಲ್ಲಿಯವರೆಗೆ ಪೂಜೆಗೆ ಹೋಗಿ ಕೂರಲು ಯಾರ ಅನುಮತಿಯೂ ಬೇಕಿಲ್ಲ.

ಹೋಗುವಾಗ ಜ್ಞಾನಸ್ನಾನದ ಸರ್ಟಿಫಿಕೇಟಿನ ಹೊಸ ಪ್ರತಿ ತೆಗೆದುಕೊಳ್ಳಿ. ಜ್ಞಾನಸ್ನಾನ ಆದ ದೇವಾಲಯದ ಆಫೀಸಿನಲ್ಲಿ ನಿಮ್ಮ ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ವರ್ಷ ಹೇಳಿದರೆ ದಾಖಲೆ ಪುಸ್ತಕದಿಂದ ತೆಗೆದುಕೊಡುತ್ತಾರೆ. ಮದುವೆ ರಿಜಿಸ್ಟರ್ ಆದ ಕಾಗದವನ್ನೂ ಇಟ್ಟುಕೊಳ್ಳಿ.

ಪಾಸ್ಟರಿಗೆ ಪತ್ರ ಬರೆಯಲೇ ಎಂದು ಕೇಳಿದ್ದೀರಿ. ಬೇಡ, ಮನೆಗೇ ಹೋಗಿ. ಬೇರೆಯವರ ಬಾಯಿಂದ ಅವರಿಗೆ ಸುದ್ದಿ ಮುಟ್ಟುವುದು ಸರಿಯಲ್ಲ. ಅವರು ಬೇಸರಪಟ್ಟುಕೊಳ್ಳುತ್ತಾರೆ, ನಿಮಗಾಗಿ ಜೋರಾಗಿ ಪ್ರಾರ್ಥನೆಯನ್ನೂ ಮಾಡಬಹುದು. ಮಾಡಲಿ, ನೀವೂ ಮೊಣಕಾಲೂರಿ. ಆ ರಾತ್ರಿ ನಿಮ್ಮ ಜೊತೆ ಕೂತಿದ್ದ ಇಬ್ಬರ ಮನೆಗೂ ಹೋಗಿ ಬನ್ನಿ. ಸಾಧ್ಯವಾದರೆ ಹೆಂಡತಿಯನ್ನು ಕರೆದುಕೊಂಡೇ ಹೋಗಿ.