ಮರಕ್ಕೂ ಅಲ್ಯೂಮಿನಿಯಂಗೂ ನೇರವಾಗಿ ಟ್ಯಾಪ್ ಹೊಡೆದರೆ ಥ್ರೆಡ್ ನಿಲ್ಲುತ್ತದಾ?

ನೀವು ಕೇಳಿರುವುದು ಇಷ್ಟು ಅಲ್ವಾ: 40 ಮಿ.ಮೀ. ದಪ್ಪದ ಹೊನ್ನೆ ಹಲಗೆಯ ಮೇಲೆ ವೈಸ್ (ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಸಾಧನ) ಕೂರಿಸಬೇಕು. ಕೆಳಗೆ ಡ್ರಾಯರ್ ಇದೆ, ನಟ್ ಹಾಕಲು ಕೈ ಹೋಗುವುದಿಲ್ಲ. ಪಕ್ಕದಲ್ಲಿ 10 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಇದೆ, ಅದರಲ್ಲಿ ಎಂ6 (6 ಮಿ.ಮೀ. ದಪ್ಪದ) ಬೋಲ್ಟ್‌ಗಳನ್ನು ದಿನಾ ಹಾಕಿ ತೆಗೆಯಬೇಕು. ಎರಡಕ್ಕೂ ಟ್ಯಾಪ್ ಹೊಡೆದರೆ, ಅಂದರೆ ಟ್ಯಾಪ್ ಎಂಬ ಉಪಕರಣದಿಂದ ತೂತಿನೊಳಗೇ ಥ್ರೆಡ್ ಕೊರೆದರೆ ಸಾಕಾ, ಇಲ್ಲ ಥ್ರೆಡ್ ಕಿತ್ತು ಬರುತ್ತದಾ?

ಟ್ಯಾಪ್ ಹೊಡೆಯಬಹುದು, ಎರಡರಲ್ಲೂ ಥ್ರೆಡ್ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ದಿನಾ ಹಾಕಿ ತೆಗೆಯಬೇಕು ಅಂದಿರಲ್ಲ, ತೊಂದರೆ ಶುರುವಾಗುವುದೇ ಅಲ್ಲಿ. ಮೆತ್ತನೆಯ ಥ್ರೆಡ್ ಒಮ್ಮೆ ಬಿಗಿದು ಬಿಟ್ಟರೆ ವರ್ಷಗಟ್ಟಲೆ ಭಾರ ತಡೆಯುತ್ತದೆ. ಸ್ಟೀಲ್ ಬೋಲ್ಟ್ ಅದರೊಳಗೆ ದಿನವೂ ಹೋಗಿ ಬಂದರೆ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಆಮೇಲೆ ಒಂದು ದಿನ ಸುಮ್ನೆ ತಿರುಗಲು ಶುರು. ಬೈಕ್‌ಗಳ ಎಂಜಿನ್ ಆಯಿಲ್ ಡ್ರೈನ್ ಬೋಲ್ಟ್ ಥ್ರೆಡ್ ಹೋಗುವುದೂ ಹೀಗೆಯೇ. ಪ್ರತಿ ಸರ್ವೀಸಿಗೂ ಬಿಚ್ಚುತ್ತಾರೆ, ಪ್ರತಿ ಸಲ ಯಾರೋ ಒಬ್ಬರು ಸ್ವಲ್ಪ ಜಾಸ್ತಿ ಬಿಗಿಯುತ್ತಾರೆ. ಅದೇ ಎಂಜಿನ್‌ನ ಸಿಲಿಂಡರ್ ಹಿಡಿದಿರುವ ಸ್ಟಡ್‌ಗಳನ್ನು (ತಲೆಯಿಲ್ಲದ ಥ್ರೆಡ್ ರಾಡ್‌ಗಳು) ನೋಡಿ. ಅವೂ ಅಲ್ಯೂಮಿನಿಯಂನೊಳಗೇ ಕೂತಿರುತ್ತವೆ, ಆದರೆ ಬಿಚ್ಚಿ ಹಾಕುವುದೆಲ್ಲ ಮೇಲಿನ ನಟ್ ಮಾತ್ರ. ಸ್ಟೀಲಿಗೂ ಸ್ಟೀಲಿಗೂ ಉಜ್ಜಾಟ, ಅಲ್ಯೂಮಿನಿಯಂ ಥ್ರೆಡ್ ಸವೆಯುವುದಿಲ್ಲ. ನಿಮ್ಮ ಎರಡೂ ಕೆಲಸಕ್ಕೆ ನಾನು ಹೇಳುವುದು ಇದನ್ನೇ: ಸ್ಟಡ್ ಹಾಕಿ.

ಮೊದಲು ಅಲ್ಯೂಮಿನಿಯಂ. ಮೆಟ್ರಿಕ್ ಟ್ಯಾಪಿಗೆ ಡ್ರಿಲ್ ಸೈಜ್ ತಿಳಿಯುವುದು ಸುಲಭ: ಬೋಲ್ಟ್ ಸೈಜಿನಲ್ಲಿ ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ) ಕಳೆಯಿರಿ. ಎಂ6ರ ಪಿಚ್ 1 ಮಿ.ಮೀ., ಹಾಗಾಗಿ 5 ಮಿ.ಮೀ. ಡ್ರಿಲ್. ಎಂ8ಕ್ಕೆ ಪಿಚ್ 1.25, ಉಳಿಯುವುದು 6.75, ಹತ್ತಿರದ ಡ್ರಿಲ್ 6.8. ತೂತು ಇನ್ನೂ ಚಿಕ್ಕದಾದರೆ ಥ್ರೆಡ್ ಇನ್ನೂ ಗಟ್ಟಿ ಅಂತ ಕೆಲವರು 4.8ರಲ್ಲಿ ಕೊರೆಯುತ್ತಾರೆ. ಅದರಿಂದ ಬಲ ಹೆಚ್ಚುವುದು ತೀರಾ ಸ್ವಲ್ಪ, ಟ್ಯಾಪ್ ಮುರಿಯುವ ಸಂಭವ ಮಾತ್ರ ಬಹಳ. ಬಲ ಬೇಕಾದರೆ ಆಳ ಕೊಡಿ. ಸ್ಟೀಲ್‌ನಲ್ಲಿ ಬೋಲ್ಟ್ ದಪ್ಪದಷ್ಟು ಆಳ ಸಾಕು, ಅಲ್ಯೂಮಿನಿಯಂಗೆ ಒಂದೂವರೆಯಿಂದ ಎರಡು ಪಟ್ಟು ಬೇಕು. ನಿಮ್ಮ 10 ಮಿ.ಮೀ. ಪ್ಲೇಟಿಗೆ ಎಂ6 ಸರಿಯಾಗಿ ಹೊಂದುತ್ತದೆ.

ಹ್ಯಾಂಡ್ ಟ್ಯಾಪ್ ಸೆಟ್‌ನಲ್ಲಿ ಮೂರು ಇರುತ್ತವೆ. ಫಸ್ಟ್ ಟ್ಯಾಪಿನ ತುದಿ ಉದ್ದಕ್ಕೆ ಸಣ್ಣಗಾಗಿರುತ್ತದೆ, ಅದರಿಂದಲೇ ಶುರು ಮಾಡಿ. ಎರಡು ಸುತ್ತು ಹೋದ ಮೇಲೆ ನಿಲ್ಲಿಸಿ, ಮೂಲೆಮಟ್ಟ ಇಟ್ಟು ಎರಡು ಕಡೆಯಿಂದ ನೋಡಿ. ಓರೆಯಾಗಿದ್ದರೆ ಸರಿ ಮಾಡಲು ಇದೇ ಕೊನೆಯ ಅವಕಾಶ. ಡ್ರಿಲ್ ಸ್ಟ್ಯಾಂಡ್ ಇದ್ದರೆ ಇನ್ನೂ ಒಳ್ಳೆಯದು: ತೂತು ಕೊರೆದ ಮೇಲೆ ಪ್ಲೇಟನ್ನು ಅಲುಗಾಡಿಸದೆ, ಚಕ್‌ನಲ್ಲಿ ಡ್ರಿಲ್ ಬದಲು ಟ್ಯಾಪ್ ಕಚ್ಚಿಸಿ. ಮೋಟರ್ ಪ್ಲಗ್ ಕಿತ್ತಿಟ್ಟು ಚಕ್ ಅನ್ನು ಕೈಯಲ್ಲೇ ತಿರುಗಿಸಿ. ಮೊದಲ ಕೆಲವು ಸುತ್ತು ಹಾಗೆ ಹೋದರೆ ಉಳಿದದ್ದು ನೇರವಾಗಿಯೇ ಇಳಿಯುತ್ತದೆ.

ಅಲ್ಯೂಮಿನಿಯಂ ಅಂಟುವ ಲೋಹ. ಟ್ಯಾಪಿನ ಹಲ್ಲಿಗೆ ಕಚ್ಚಿಕೊಂಡು ಹೊಸ ಥ್ರೆಡ್ಡನ್ನೇ ಹರಿದು ಹಾಕುತ್ತದೆ. ಅದಕ್ಕೆ ಸೀಮೆಎಣ್ಣೆ ಬಹಳ ಒಳ್ಳೆಯದು, ಸಿಗದಿದ್ದರೆ ಡಬ್ಲ್ಯೂಡಿ-40 ಆಗುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವಾಗ ಕೈಗೆ ಸಣ್ಣಗೆ 'ಟಕ್' ಅಂತ ತಿಳಿಯುತ್ತದೆ, ಅದು ಕೊರೆದ ಲೋಹದ ಚೂರು ತುಂಡಾದದ್ದು. ಆ ಟಕ್ ಬರದೆ ಟ್ಯಾಪ್ ಬಿಗಿಯಾಗುತ್ತಾ ಹೋಗಿ 'ಕೀಂ' ಅಂದರೆ ಮುಂದೆ ಹೋಗಬೇಡಿ. ಪೂರ್ತಿ ಹೊರಗೆ ತೆಗೆದು, ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡಿರುವ ಬೆಳ್ಳನೆಯ ಚೂರನ್ನು ಬ್ರಶ್‌ನಿಂದ ತೆಗೆದು, ಮತ್ತೆ ಎಣ್ಣೆ ಬಿಟ್ಟು ಇಳಿಸಿ. 6061ರಂಥ ಗಟ್ಟಿ ಗ್ರೇಡ್ ಆದರೆ ಥ್ರೆಡ್ ಚೊಕ್ಕವಾಗಿ ಬರುತ್ತದೆ. ಮಾಮೂಲಿ ಶೀಟಿನ ಶುದ್ಧ ಅಲ್ಯೂಮಿನಿಯಂ ತುಂಬಾ ಅಂಟುತ್ತದೆ, ಅದಕ್ಕೆ ತಾಳ್ಮೆ ಜಾಸ್ತಿ ಬೇಕು.

ಹಿತ್ತಾಳೆ ಇದಕ್ಕೆ ಉಲ್ಟಾ. ಚೂರು ಪುಡಿಪುಡಿಯಾಗಿ ಉದುರುತ್ತದೆ, ಎಣ್ಣೆಯೇ ಬೇಡ. ಅಲ್ಲಿ ಎಚ್ಚರ ಬೇಕಾದದ್ದು ಡ್ರಿಲ್ ಹೊಡೆಯುವಾಗ. ಬಿಟ್ ಇದ್ದಕ್ಕಿದ್ದಂತೆ ಕಚ್ಚಿಕೊಂಡು ಕೊರೆಯುತ್ತಿರುವ ತುಂಡನ್ನೇ ತಿರುಗಿಸಿಬಿಡುತ್ತದೆ. ಕೈಯಲ್ಲಿ ಹಿಡಿದು ಕೊರೆಯಲೇಬೇಡಿ, ವೈಸ್‌ನಲ್ಲಿ ಕಚ್ಚಿಸಿ.

ಪ್ಲೇಟಿಗೆ ಎಂ6 ಸ್ಟಡ್ ಹಾಕುವಾಗ ಥ್ರೆಡ್ಡಿಗೆ ಒಂದು ಹನಿ ಲಾಕ್‌ಟೈಟ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಬಿಡಿ. ಸ್ಟಡ್ ಮೇಲೆ ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು, ಮೇಲಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ಟಡ್ ಒಳಗೆ ಇಳಿಯುತ್ತದೆ. ಆಮೇಲೆ ದಿನಾ ತಿರುಗಿಸುವುದು ನಟ್ ಮಾತ್ರ. ಪ್ಲೇಟ್ ಮೇಲೆ ಏನೂ ಎದ್ದು ನಿಲ್ಲಬಾರದು, ಬೋಲ್ಟೇ ಆಗಬೇಕು ಅಂದರೆ ಹೆಲಿಕಾಯಿಲ್ ಹಾಕಿಸಿ. ಅದು ಸ್ಪ್ರಿಂಗಿನಂತೆ ಸುತ್ತಿದ ಸ್ಟೇನ್‌ಲೆಸ್ ತಂತಿ. ಎಂ6ಕ್ಕೆ ಸುಮಾರು 6.3 ಮಿ.ಮೀ. ತೂತು ಬೇಕು, ಟ್ಯಾಪ್ ಕೂಡ ಅದರದ್ದೇ ಬೇರೆ, ಕಿಟ್‌ನಲ್ಲೇ ಬರುತ್ತದೆ. ತಂತಿಯ ತುದಿ ಪ್ಲೇಟಿನ ಮಟ್ಟಕ್ಕಿಂತ ಕಾಲು ಸುತ್ತಾದರೂ ಕೆಳಗೆ ಇರಲಿ.

ಈಗ ಮರ. ಹೊನ್ನೆ, ತೇಗ, ಬೀಟೆ, ಇವೆಲ್ಲ ಥ್ರೆಡ್ ಹಿಡಿಯುತ್ತವೆ. ಸಿಲ್ವರ್ ಓಕ್, ಪೈನ್ ಹಿಡಿಯುವುದಿಲ್ಲ, ಎಳೆ ಪುಡಿಯಾಗುತ್ತದೆ. ಎಂಡಿಎಫ್ ಅಂತೂ ಬೇಡವೇ ಬೇಡ, ಅದಕ್ಕೆ ಇನ್ಸರ್ಟ್ ನಟ್ಟೇ (ತೂತಿನೊಳಗೆ ಕೂರಿಸುವ, ಒಳಗೆ ಥ್ರೆಡ್ ಇರುವ ಲೋಹದ ತುಂಡು) ಸರಿ. ಮರದ ಜಾತಿಗಿಂತಲೂ ಮುಖ್ಯ ಎಳೆ ಹೋಗುವ ದಿಕ್ಕು. ಹಲಗೆಯ ಅಗಲದ ಮುಖದಲ್ಲಿ ತೂತು ಕೊರೆದರೆ ಬೋಲ್ಟ್ ಎಳೆಗಳಿಗೆ ಅಡ್ಡವಾಗಿ ಇಳಿಯುತ್ತದೆ, ಒಂದೊಂದು ಥ್ರೆಡ್ಡಿನಲ್ಲೂ ಉದ್ದದ ಎಳೆ ಉಳಿದುಕೊಂಡು ಹಿಡಿಯುತ್ತದೆ. ಗರಗಸದಲ್ಲಿ ಕೊಯ್ದ ತುದಿಯ ಕಡೆಯಿಂದ ಕೊರೆದರೆ ಎಳೆಗಳೆಲ್ಲ ತುಂಡಾಗಿ, ಜಗ್ಗಿದಾಗ ಪುಡಿಯಾಗಿ ಉದುರುತ್ತವೆ. ನಿಮ್ಮದು ಹಲಗೆಯ ಮುಖ, ಹಾಗಾಗಿ ಚಿಂತೆ ಇಲ್ಲ.

ಎಂ6ರ ಥ್ರೆಡ್ ಮರಕ್ಕೆ ತೀರಾ ಸಣ್ಣದು, ವೈಸ್‌ಗೆ ಎಂ8 ಅಥವಾ ಎಂ10 ತೆಗೆದುಕೊಳ್ಳಿ. ಎಂ8ಕ್ಕೆ ನಾನು ಮರದಲ್ಲಿ 6.5 ಡ್ರಿಲ್ ಹಾಕುತ್ತೇನೆ, ಮರ ಸ್ವಲ್ಪ ಒತ್ತಿಕೊಂಡು ಥ್ರೆಡ್ ತುಂಬಿ ಬರುತ್ತದೆ. ಆಳ ಬೋಲ್ಟ್ ದಪ್ಪದ ಮೂರು ಪಟ್ಟಾದರೂ ಇರಲಿ. ಎಣ್ಣೆ ಬೇಡ, ಮರ ಕುಡಿದುಬಿಡುತ್ತದೆ. ಮೇಣದಬತ್ತಿಯನ್ನು ಟ್ಯಾಪಿಗೆ ಉಜ್ಜಿದರೆ ಸಾಕು. ಟ್ಯಾಪ್ ಹೊಸದಾಗಿ, ಚೂಪಾಗಿ ಇರಬೇಕು. ಹೊಟ್ಟು ಸಂದಿಯಲ್ಲಿ ಬೇಗ ತುಂಬಿಕೊಳ್ಳುತ್ತದೆ, ಆಗಾಗ ಹೊರಗೆ ತೆಗೆದು ತಟ್ಟಿ.

ಥ್ರೆಡ್ ಆದ ಮೇಲೆ ನೀರಿನಷ್ಟು ತೆಳ್ಳಗಿರುವ ಸೂಪರ್‌ಗ್ಲೂ ಒಳಗೆ ಸುತ್ತಲೂ ಬಿಡಿ. ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ಅದೇ ಟ್ಯಾಪನ್ನು ಇನ್ನೊಮ್ಮೆ ಇಳಿಸಿದರೆ ಗೋಡೆ ಗಾಜಿನಂತೆ ನುಣ್ಣಗೆ, ಗಟ್ಟಿಯಾಗಿ ಬರುತ್ತದೆ. ಕಿಟಕಿ ತೆರೆದಿಡಿ, ಹೊಗೆ ಕಣ್ಣಿಗೆ ಉರಿ. ಹೆಚ್ಚಾದ ಗ್ಲೂ ಒರೆಸಲು ಹತ್ತಿ ಬಟ್ಟೆ ಬಳಸಬೇಡಿ, ಹತ್ತಿಗೆ ತಾಗಿದರೆ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ.

ನಂತರ ಎಂ8 ಥ್ರೆಡ್ ರಾಡ್ ತುಂಡುಗಳಿಗೆ ಅರಾಲ್ಡೈಟ್ ಸವರಿ ಒಳಗೆ ತಿರುಗಿಸಿಬಿಡಿ. ಪೂರ್ತಿ ಗಟ್ಟಿಯಾದ ಮೇಲೆ ವೈಸ್ ಇಟ್ಟು, ದೊಡ್ಡ ವಾಷರ್ ಹಾಕಿ, ಮೇಲಿನಿಂದ ನಟ್ ಬಿಗಿಯಿರಿ.

ಅಂಗಡಿಯಲ್ಲಿ ಒಂದು ವಿಷಯ ನೋಡಿಕೊಳ್ಳಿ. ಹಳೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಾಲಿಂಚಿನ ವಿಟ್‌ವರ್ತ್ (ಹಳೆಯ ಬ್ರಿಟಿಷ್ ಇಂಚು ಅಳತೆಯ) ಬೋಲ್ಟ್ ಇನ್ನೂ ಸಿಗುತ್ತದೆ. ಇಂಚಿಗೆ 20 ಥ್ರೆಡ್, ದಪ್ಪ 6.35 ಮಿ.ಮೀ. ಕಣ್ಣಿಗೆ ಎಂ6ರ ಹಾಗೆಯೇ ಕಾಣುತ್ತದೆ. ಅದನ್ನು ಎಂ6 ಥ್ರೆಡ್ಡಿಗೆ ಬಲವಂತವಾಗಿ ತುರುಕಿದರೆ ಅಲ್ಯೂಮಿನಿಯಂ ಥ್ರೆಡ್ ಅಲ್ಲಿಗೇ ಮುಗಿಯಿತು. ಟ್ಯಾಪ್ ಜೊತೆಗೇ ಬೋಲ್ಟ್, ನಟ್ ಕೊಂಡು, ಅಲ್ಲೇ ಒಂದಕ್ಕೊಂದು ಹಾಕಿ ನೋಡಿ.

ವೈಸ್‌ನ ತಳದ ತೂತು ಎಷ್ಟಿದೆ ಅಂತ ನೀವು ಬರೆದಿಲ್ಲ. 10 ಮಿ.ಮೀ. ದಾಟಿದ್ದರೆ ಎಂ8 ಬಿಟ್ಟು ಎಂ10ಕ್ಕೆ ಹೋಗಿ. ಅದರ ಪಿಚ್ 1.5, ಡ್ರಿಲ್ 8.5. ಮೊದಲು ಉಳಿದ ಹೊನ್ನೆ ತುಂಡಿನಲ್ಲಿ ಒಂದು ಹೊಡೆದು, ಬೇಕಂತಲೇ ಥ್ರೆಡ್ ಕಿತ್ತು ಬರುವ ತನಕ ಬಿಗಿದು ನೋಡಿ. ಎಷ್ಟು ಬಲ ತಡೆಯುತ್ತದೆ ಅಂತ ನಿಮ್ಮ ಕೈಗೇ ಗೊತ್ತಾಗುತ್ತದೆ.