ಕಂಪ್ಯೂಟರ್ ಕೈಲಿ ಆರಭಿಗೆ ಚಿಟ್ಟೆಸ್ವರ ಹಾಕಿಸಬಹುದೇ?

ಮೈಸೂರಿನಲ್ಲಿ ವೀಣೆ ಕಲಿಯುತ್ತಿದ್ದೀರಿ, ಆರಭಿ ರಾಗದ ಒಂದು ಕೃತಿಗೆ ಕಂಪ್ಯೂಟರ್‌ನಿಂದ ಚಿಟ್ಟೆಸ್ವರ (ಕೃತಿಯೊಳಗೆ ಹಾಡುವ, ಮೊದಲೇ ಕಟ್ಟಿಟ್ಟ ಸ್ವರಗಳ ಸಾಲು) ಕಟ್ಟಿಸಿದರೆ ಅದನ್ನು ರಚನೆ ಅನ್ನಬಹುದೇ ಎಂದು ಕೇಳಿದ್ದೀರಿ. ಕಟ್ಟಿಸಬಹುದು. ಲೆಕ್ಕವನ್ನು ಪೂರ್ತಿ ಅದಕ್ಕೇ ಬಿಡಿ, ರಾಗವನ್ನು ಮಾತ್ರ ಬಿಡಬೇಡಿ.

ಆದಿತಾಳದ ಒಂದು ಸುತ್ತಿಗೆ, ಅಂದರೆ ಆವರ್ತಕ್ಕೆ, 8 ಎಣಿಕೆ; ಎಣಿಕೆಗೆ ನಾಲ್ಕು ಮಾತ್ರೆಯಂತೆ ಎರಡಾವರ್ತಕ್ಕೆ 64 ಮಾತ್ರೆ. ಮುಕ್ತಾಯಕ್ಕೆ 7 ಮಾತ್ರೆಯ ಸ್ವರಗುಚ್ಛ ಮೂರು ಸಲ, ನಡುವೆ ಎರಡೆರಡು ಮಾತ್ರೆ ಕಾರ್ವೆ (ನಿಲುಗಡೆ): ಒಟ್ಟು 25. ಮುಂಭಾಗಕ್ಕೆ 39 ಉಳಿಯಿತು. ಎಡವುವುದು ಇಲ್ಲಿ: ಚಿಟ್ಟೆಸ್ವರ ಸಮದಲ್ಲಿ (ಆವರ್ತದ ಮೊದಲ ಎಣಿಕೆಯಲ್ಲಿ) ಶುರುವಾಗಿ, ಆಮೇಲೆ ಬರುವ ಪಲ್ಲವಿ ಅರ್ಧ ಎಣಿಕೆ, ಅಂದರೆ 2 ಮಾತ್ರೆ, ಬಿಟ್ಟು ಎತ್ತುವಂಥದ್ದಾದರೆ ಒಟ್ಟು 66 ಬೇಕು, ಮುಂಭಾಗ 41. ಇದನ್ನು ಮೊದಲೇ ಹೇಳದಿದ್ದರೆ ಪಲ್ಲವಿಗೆ ಸೇರುವುದೇ ಇಲ್ಲ.

ಸ್ವರ ಆರಿಸಲು ಹಳೆಯ ಉಪಾಯವೇ ಸಾಕು. 1956-57ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಿಲ್ಲರ್ ಮತ್ತು ಐಸಾಕ್ಸನ್ ಕಂಪ್ಯೂಟರ್ ಕೈಲಿ ಸಂಗೀತ ಕಟ್ಟಿಸಿದಾಗ ಮಾಡಿದ್ದೂ ಇಷ್ಟೇ: ಸ್ವರಗಳನ್ನು ಚೀಟಿ ಎತ್ತಿದಂತೆ ಎತ್ತಿಸಿ, ನಿಯಮದ ಜರಡಿ ಹಿಡಿಯುವುದು. ನೀವು ಆರಭಿಯ ವರ್ಣ, ಕೃತಿಗಳ ಸ್ವರಲಿಪಿ ಕೊಟ್ಟು, ಯಾವ ಸ್ವರದ ನಂತರ ಯಾವುದು ಎಷ್ಟು ಸಲ ಬಂದಿದೆ ಎಂದು ಎಣಿಸಿಸಿ. ಹಿಂದಿನ ಒಂದೇ ಸ್ವರ ನೋಡಿದರೆ ರಿ ಮ ಗ ರಿ, ಮ ಗ ರಿ ಎಂದು ಗಾಣದೆತ್ತಿನ ಹಾಗೆ ಸುತ್ತುತ್ತದೆ. ಏಳೆಂಟು ನೋಡಿದರೆ ನೀವು ಕೊಟ್ಟ ವರ್ಣವನ್ನೇ ವಾಪಸ್ ಒಪ್ಪಿಸುತ್ತದೆ. ಎರಡು ಮೂರಕ್ಕೆ ನಿಲ್ಲಿಸಿ.

ಇಷ್ಟಾದರೂ ಬಂದದ್ದು ಆರಭಿಯೇ ಎಂದು ಹೇಳಲಾಗದು. ಆರಭಿಗೂ ದೇವಗಾಂಧಾರಿ ರಾಗಕ್ಕೂ ಆರೋಹಣ ಅವರೋಹಣ (ಸ್ವರಗಳು ಏರುವ, ಇಳಿಯುವ ಕ್ರಮ) ಒಂದೇ. ಎರಡೂ 29ನೇ ಮೇಳದಿಂದ (ತಾಯಿ ರಾಗದಿಂದ) ಹುಟ್ಟಿದವು. ಆರಭಿಯಲ್ಲಿ ಗ, ನಿ ಮುಟ್ಟಿ ಸರಿದುಹೋಗುವ ಸ್ವರಗಳು, ನಡೆ ಚುರುಕು. ಗಾಂಧಾರವನ್ನು ಎಳೆದು ತೂಗಿದರೆ ಕೇಳುವವರಿಗೆ ದೇವಗಾಂಧಾರಿಯೇ ಕಾಣುತ್ತದೆ. ಬರಿಯ ಸ್ವರಾಕ್ಷರದ ಎಣಿಕೆಗೆ ಈ ಭೇದ ಸಿಕ್ಕುವುದಿಲ್ಲ. ಹಾಗಾಗಿ ಗ, ನಿ ಮೇಲೆ ಒಂದು ಮಾತ್ರೆಗಿಂತ ಹೆಚ್ಚು ನಿಲ್ಲಬಾರದು, ಅವುಗಳ ಮೇಲೆ ಕಾರ್ವೆ ಬೇಡ ಎಂದು ನೀವೇ ಬರೆದುಕೊಡಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲೇ ಇದೆ: ನೂರು ಕಟ್ಟಿಸಿ ತೊಂಬತ್ತೊಂಬತ್ತನ್ನು ಕಾರಣ ಗೊತ್ತಿದ್ದು ಎಸೆಯಬಲ್ಲಿರಾದರೆ ಉಳಿದದ್ದು ನಿಮ್ಮ ರಚನೆ. ಮೊದಲು ಬಂದದ್ದನ್ನೇ ಇಟ್ಟುಕೊಂಡರೆ ಅಲ್ಲ.

ಕಂಪ್ಯೂಟರಿನ ಕೀಬೋರ್ಡ್ ದನಿಯಲ್ಲಿ ಕೇಳಿ ತೀರ್ಮಾನಿಸಬೇಡಿ, ಅದರಲ್ಲಿ ಎಲ್ಲ ರಾಗವೂ ಚಪ್ಪಟೆ. ಹಾಡಿಕೊಂಡು, ಆಮೇಲೆ ವೀಣೆಯಲ್ಲಿ ನುಡಿಸಿ. ಮೈಸೂರು ಬಾನಿಯಲ್ಲಿ (ನುಡಿಸುವ ಶೈಲಿಯಲ್ಲಿ) ಮೀಟಿಗೆ ಪ್ರಾಧಾನ್ಯ ಇರುವುದರಿಂದ ಇಂಥ ಬಿಡಿಬಿಡಿ ಸ್ವರಗಳು ಕೈಗೆ ಬೇಗ ಕೂರುತ್ತವೆ. ಎರಡನೇ ಕಾಲದಲ್ಲಿ (ಇಮ್ಮಡಿ ವೇಗದಲ್ಲಿ) ಎಲ್ಲಿ ಬೆರಳು ತಂತಿಯಿಂದ ತಂತಿಗೆ ಹಾರಿ ತಡವರಿಸುತ್ತದೋ ಅಲ್ಲಿ ಸ್ವರ ಬದಲಿಸಿ. ಮಾತ್ರೆ ಮಾತ್ರ ಕೆಡದಿರಲಿ.