ಜಿಎಫ್‌ಆರ್ 72ರಿಂದ 64ಕ್ಕೆ ಇಳಿದದ್ದು ಮಾತ್ರೆಯಿಂದಲೇ?

ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಶುರುಮಾಡಿ ಮೂರು ವಾರಕ್ಕೆ ನಿಮ್ಮ ತಂದೆಯವರ ಕಿಡ್ನಿಗಳು ನಿಮಿಷಕ್ಕೆ ಎಷ್ಟು ಸೋಸುತ್ತವೆ ಎಂಬುದರ ಅಳತೆಯಾದ ಜಿಎಫ್‌ಆರ್ 72ರಿಂದ 64ಕ್ಕೆ ಬಂದಿದೆ, ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಪ್ರತಿಯೊಂದರ ತುದಿಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ. ಅದರೊಳಕ್ಕೆ ರಕ್ತ ತರುವ ನಾಳ ಅಗಲ, ಹೊರಕ್ಕೆ ಒಯ್ಯುವ ನಾಳ ಕಿರಿದು. ಹಾಗಾಗಿ ಒಳಗೆ ಒತ್ತಡ ಏರಿ ನೀರು, ಉಪ್ಪು, ಯೂರಿಯಾ ಸೋಸಿ ಹೊರಬರುತ್ತವೆ. ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ಒಳಗೇ ಉಳಿಯುತ್ತವೆ. ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 180 ಲೀಟರ್ ಹೀಗೆ ಸೋಸುತ್ತದೆ. ಅದರಲ್ಲಿ ಶೇ. 99 ಭಾಗ ಮತ್ತೆ ರಕ್ತಕ್ಕೇ ಸೇರುತ್ತದೆ ಅನ್ನುವುದು ನನಗೆ ಇಂದಿಗೂ ಬೆರಗು.

ಈ ಮಾತ್ರೆ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಉಂಡೆಯೊಳಗಿನ ಒತ್ತಡ ತಗ್ಗಿ ಜಿಎಫ್‌ಆರ್ ಸ್ವಲ್ಪ ಇಳಿಯುತ್ತದೆ. ಅತಿ ಒತ್ತಡದಿಂದ ಜರಡಿ ಹರಿಯದಂತೆ ಕಾಯುವುದೂ ಇದೇ ಗುಣ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ರಕ್ತದ ತ್ಯಾಜ್ಯ; ಸೋಸುವುದು ಕಡಿಮೆಯಾದರೆ ಇದು ಏರುತ್ತದೆ) ಶೇ. 30ರೊಳಗೆ ಏರಿ ಅಲ್ಲೇ ನಿಂತರೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದು ನೋಡಿದ್ದಾರೆಯೇ? ಇಲ್ಲದಿದ್ದರೆ ಕೇಳಿ ಮಾಡಿಸಿ.

ನನಗೆ ಹೆಚ್ಚು ಚಿಂತೆಯಾದದ್ದು ನೀವು ಕೊನೆಯಲ್ಲಿ ಬರೆದ ಮಾತು: ಮಂಡಿನೋವಿಗೆ ಅವರು ದಿನಾ ಡೈಕ್ಲೋಫಿನ್ಯಾಕ್ ನುಂಗುತ್ತಾರೆ ಎಂಬುದು. ಅದು ಒಳಬರುವ ನಾಳವನ್ನು ಬಿಗಿಯಾಗಿಸುತ್ತದೆ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಸೋಸಲು ಒತ್ತಡವೇ ಉಳಿಯದು. ಜೊತೆಗೆ ವಾಂತಿಭೇದಿಯಾಗಿ ನೀರಿನಂಶ ಕಡಿಮೆಯಾದರೆ ಕಿಡ್ನಿ ದಿಢೀರನೆ ಸೋಲಬಹುದು. ನೋವಿನ ಮಾತ್ರೆಯ ವಿಷಯ ವೈದ್ಯರಿಗೆ ಇಂದೇ ತಿಳಿಸಿ.